ಆವಿನ ಕಾಲು

"ಆಕಳಿಗೆ ಎಷ್ಟು ಕಾಲಲೇ?"

ಶಿವಲಕ್ಷ್ಮಿ ತಲೆ ಎತ್ತಲಿಲ್ಲ. ಗಂಡುಹುಡುಗರ ಪಾಯಖಾನೆಯ ಎರಡನೇ ಗುಂಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಮೊಂಡು ಕಸಬರಿಗೆಯಿಂದ ಕಲೆ ತಿಕ್ಕುತ್ತಿದ್ದಳು. ಬ್ಲೀಚಿಂಗ್ ಪುಡಿಯ ಘಾಟಿಗೆ ಕಣ್ಣು ಉರಿಯುತ್ತಿತ್ತು. ಆ ಮಾತು ತನಗೆ ಅಂತ ಅವಳಿಗೆ ಅನ್ನಿಸಲಿಲ್ಲ.

"ನಿನ್ನನ್ನೇ ಕೇಳಾಕತ್ತೀನಿ, ಕಿವಿಯಾಗೂ ಹೇಲು ತುಂಬೇತೇನು? ಆಕಳಿಗೆ ಎಷ್ಟು ಕಾಲು?"

ಹೆಡ್‌ಮಾಸ್ತರ ಹಾಲಸ್ವಾಮಿ ಬಾಗಿಲಿಂದ ಮೂರು ಮಾರು ದೂರ ನಿಂತಿದ್ದ. ಮೂಗಿಗೆ ಕರವಸ್ತ್ರ ಒತ್ತಿಕೊಂಡಿದ್ದರಿಂದ ಮಾತು ಮೂಗಿನಲ್ಲೇ ಸುತ್ತಿ ಬರುತ್ತಿತ್ತು.

"ನಾಕ್ರಿ ಸಾರ್."

"ಆಕಳು ನಮಗ ಏನ ಕೊಡ್ತೈತಿ?"

"ಆಲ್ರಿ."

"ಆಲಲ್ಲಲೇ. ಹಾಲು. ಹಾ... ಹಾಲು. ನಿಮ್ಮ ಕೇರಿಗೆ ಹ ಅನ್ನೋ ಅಕ್ಷರ ಹಂಚೇ ಇಲ್ಲ ದೇವರು." ಕರವಸ್ತ್ರ ತೆಗೆದು ಉಗುಳಿ ಮತ್ತೆ ಒತ್ತಿಕೊಂಡ. "ನಿನಗ ಅಷ್ಟರ ಗೊತ್ತೈತಿ. ನಿನ್ನ ಮಗಳು ಏನಂದಾಳ ಗೊತ್ತೇನು? ಸರ್ವೇ ಪರೀಕ್ಷಿಯಾಗ, ಕರ್ನೂಲಿಂದ ಬಂದ ಮೇಡಂ ಮುಂದ? ಕಾಲು ಸೊನ್ನಿ ಅಂದಾಳ. ಏನು ಕೊಡ್ತೈತಿ ಅಂದ್ರ ವಿಷ ಅಂದಾಳ. ವಿಷ! ಬಜಾರದ ಹುಡುಗ್ರು ಬಿದ್ದು ಬಿದ್ದು ನಕ್ಕಾವ. ಮುವ್ವತ್ತು ವರ್ಷದ ಸರ್ವೀಸಿನಾಗ ಇಂಥಾ ಹಲ್ಕಟ್ ಜವಾಬು ನಾ ಕೇಳಿಲ್ಲ."

ಶಿವಲಕ್ಷ್ಮಿ ಕಸಬರಿಗೆ ಕೆಳಗಿಟ್ಟಳು. ಹಾರಿಕಾ ಮೂರನೇ ಕ್ಲಾಸಿನ ಹುಡುಗಿ. ಆಕಳು ಕಾಣದ ಹುಡುಗಿಯೇ? ಹೊಲಕ್ಕೆ ಹೋಗಿ ಬರುವ ದಾರಿಯಲ್ಲಿ ದಿನಾ ಹತ್ತು ಆಕಳ ಬಾಲ ಮುಟ್ಟಿ ಬರುತ್ತಾಳೆ.

"ಕೈ ತೊಳಕೊಂಡು ಆಫೀಸಿಗೆ ಬಾ. ಎರಡು ಸಲ ತೊಳಕೋ. ಒಂದು ಸೈನ್ ಮಾಡೋದೈತಿ."

ತುಂಗಭದ್ರೆಗೆ ಈಚೆ, ಮಾಧವರಂ ಸೇತುವೆ ದಾಟಿ ಆದೋನಿಯ ಕಡೆ ಬರುವ ದಾರಿಯ ಊರು ಅದು. ಸರಕಾರ ಆಂಧ್ರದ್ದು, ಶಾಲೆ ಕನ್ನಡದ್ದು. ಊರಿನವರು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಸಾಬರ ಅಂಗಡಿಯಲ್ಲಿ ಎರಡೂ ಕೂಡಿಸಿ ಅವರದೂ ನಾಲ್ಕು ಮಾತು ಆಡಿ ಬದುಕಿಕೊಂಡು ಬಂದಿದ್ದರು. ಆ ವಾರ ಮೂರನೇ ಕ್ಲಾಸಿನ ಮಕ್ಕಳಿಗೆ ಸರ್ವೇ ಪರೀಕ್ಷೆ. ಒಂದೊಂದೇ ಮಗುವನ್ನು ಕೂರಿಸಿಕೊಂಡು ಬಾಯಲ್ಲಿ ಕೇಳುವುದು, ಉತ್ತರವನ್ನು ಟ್ಯಾಬಿಗೆ ಒತ್ತುವುದು. ಅದರ ಮೇಲೆ ಶಾಲೆಗೆ ಗ್ರೇಡು. ಗ್ರೇಡು ಬಂದರೆ ಹೊಸ ಕೋಣೆ, ಬರದಿದ್ದರೆ ಪಕ್ಕದ ಊರಿನ ತೆಲುಗು ಶಾಲೆಯೊಳಗೆ ಇದನ್ನು ಸೇರಿಸಿ ಬೀಗ ಜಡಿಯುತ್ತಾರೆ ಎಂದು ಹಾಲಸ್ವಾಮಿ ತಿಂಗಳಿಂದ ಹೇಳುತ್ತಿದ್ದ. ಸರಿಯಾಗಿ ಓದಲು ಬಾರದ ನಾಲ್ಕು ಮಕ್ಕಳಿಗೆ ಆ ವಾರ ಮನೆಯಲ್ಲೇ ಇರಿ ಎಂದಿದ್ದ. ಹಾರಿಕಾ ಓದುವ ಹುಡುಗಿ. ಅವಳನ್ನು ಮೊದಲ ಸಾಲಿನಲ್ಲಿ ಕೂರಿಸಿದ್ದ.

ಶಿವಲಕ್ಷ್ಮಿ ಆಫೀಸಿನ ಹೊಸ್ತಿಲ ಹೊರಗೆ ನಿಂತಳು. ಹಾಲಸ್ವಾಮಿ ಒಂದು ಕಾಗದವನ್ನು ಸ್ಕೇಲಿನಿಂದ ಮೇಜಿನ ಈ ತುದಿಗೆ ತಳ್ಳಿದ. ಅದು ಪೂರಾ ತೆಲುಗು. ಅವಳು ಓದಿದ್ದು ಏಳನೆಯವರೆಗೆ, ಇದೇ ಶಾಲೆಯಲ್ಲಿ, ಕನ್ನಡದಲ್ಲಿ.

"ಏನೈತ್ರಿ ಇದ್ರಾಗ?"

"ಏನೈತಿ? ಏನೂ ಇಲ್ಲ. ನಿನ್ನ ಮಗಳಿಗೆ ಹುಟ್ಟಾ ತಲಿ ಮಂದ ಐತಿ, ಆಕಿನ್ನ ಬ್ಯಾರೆ ಲೆಕ್ಕದಾಗ ಹಾಕ್ರಿ ಅಂತ ತಾಯಿ ಬರಕೊಟ್ಟಂಗ. ಅಂಥಾ ಹುಡುಗ್ರ ಜವಾಬು ಶಾಲಿ ಲೆಕ್ಕಕ್ಕ ಬರಂಗಿಲ್ಲ."

"ಆಕಿ ಮಂದ ಇಲ್ರಿ ಸಾರ್. ಅನ್ನೆರಡರ ಮಗ್ಗಿ ಏಳ್ತಾಳ."

"ಏಳ್ತಾಳ? ಎಲ್ಲಿಂದ ಏಳ್ತಾಳ, ಹಾಸಿಗಿಂದೇನು?" ಹಾಲಸ್ವಾಮಿ ತನ್ನ ಮಾತಿಗೆ ತಾನೇ ನಕ್ಕ. ಪಕ್ಕದ ಕೋಣೆಯಿಂದ ಇನ್ನೊಬ್ಬ ಮಾಸ್ತರನೂ ನಕ್ಕದ್ದು ಕೇಳಿಸಿತು. "ನೋಡವ್ವ, ಒಂದು ಹುಡುಗಿಯ ಜವಾಬಿಂದ ನಮ್ಮ ಗ್ರೇಡು ಜರ್ ಅಂತ ಕೆಳಗ ಹೋಗೈತಿ. ಆಕಿ ಶಾಲಿಗೆ ಬರಲಿ, ಬ್ಯಾಡ ಅಂದಿಲ್ಲ. ಹಿಂದ ಕುಂದರಲಿ, ಅನ್ನ ಉಣ್ಣಲಿ. ಇನ್ನ ಮುಂದ ಆಕಿನ್ನ ಯಾರೂ ಏನೂ ಕೇಳಂಗಿಲ್ಲ. ಆರಾಮಲ್ಲೇನು?"

"ಎಷ್ಟು ದಿನ ಕೇಳಂಗಿಲ್ರಿ?"

"ಎಂದೂ ಕೇಳಂಗಿಲ್ಲ."

ಶಿವಲಕ್ಷ್ಮಿ ಕಾಗದವನ್ನೇ ನೋಡುತ್ತಿದ್ದಳು. ಎರಡು ವರ್ಷದ ಹಿಂದೆ ಇಂಥದೇ ಇನ್ನೊಂದು ಕಾಗದ ಇತ್ತು. ಅದೂ ತೆಲುಗು. ಅವತ್ತು ಕೈಗೆ ಪೆನ್ನು ಕೊಟ್ಟವರು ಯಾರು, ಎಲ್ಲಿ ಒತ್ತಿದಳು, ಒಂದೂ ನೆನಪಿಲ್ಲ. ತನ್ನ ಹೆಸರನ್ನು ಕನ್ನಡದಲ್ಲಿ ದುಂಡಗೆ ಬರೆದದ್ದು ಮಾತ್ರ ನೆನಪಿದೆ.

"ಅತ್ತಿನ್ನ ಕೇಳಿ ನಾಳಿ ಮಾಡ್ತೀನ್ರಿ."

"ನಾಳಿ ಹನ್ನೆರಡಕ್ಕ ಟ್ಯಾಬು ಮುಚ್ತಾರ. ಅದರೊಳಗ ಮಾಡು. ಇಲ್ಲಾಂದ್ರ ಪಾಯಖಾನಿ ತೊಳಿಯಾಕ ಬ್ಯಾರೆ ಹೆಣ್ಮಕ್ಕಳು ಇಲ್ಲಾಂತಲ್ಲ."

ಮನೆಗೆ ಬಂದಾಗ ಹಾರಿಕಾ ಕಟ್ಟೆಯ ಮೇಲೆ ಕೂತು ಅಂಗೈಯನ್ನು ಬಾಯಿಗೆ ಹಿಡಿದುಕೊಂಡು ಹೊಯ್ ಹೊಯ್ ಎಂದು ಉಸಿರು ಬಿಡುತ್ತಿದ್ದಳು. ಹಾಲಸ್ವಾಮಿ ಕೇರಿಯ ಮಕ್ಕಳಿಗೆ ಕಲಿಸಿದ ವಿದ್ಯೆ ಅದು. ಹ ಅಂದರೆ ಅಂಗೈಗೆ ಗಾಳಿ ತಾಗಬೇಕು, ತಾಗದಿದ್ದರೆ ಅದೇ ಅಂಗೈಗೆ ಸ್ಕೇಲು ತಾಗುತ್ತದೆ.

ಅತ್ತೆ ಗಾದಿಲಿಂಗಮ್ಮ ಒಲೆಯ ಮುಂದೆ ಕೂತಿದ್ದಳು. ಶಿವಲಕ್ಷ್ಮಿ ಮಗಳನ್ನು ಎಳೆದುಕೊಂಡು ಬಂದು ಎದುರಿಗೆ ನಿಲ್ಲಿಸಿದಳು.

"ಆಕಳಿಗೆ ಕಾಲಿಲ್ಲ ಅಂದ್ಯಂತಲ್ಲೇ? ಕಣ್ಣಾಗ ಏನು ಸುಣ್ಣ ಬಿದ್ದಿತ್ತೇನು ನಿನಗ?"

"ನಾ ಅಂದಿಲ್ಲ."

"ಸಾರ್ ಸುಳ್ಳಾಡ್ತಾರೇನು?"

"ಆಕಳು ಅಂತ ಯಾರು ಕೇಳಿದ್ರವ್ವ? ಆ ಮೇಡಮ್ಮಗ ಕನ್ನಡ ಬರಂಗಿಲ್ಲ. ಕಾಗದ ಕನ್ನಡದ್ದು, ಆಕಿಗೆ ಓದಾಕ ಬರ್ಲಿಲ್ಲ. ಸಾರ್ ಅಂದ್ರು, ತೆಲುಗಾಗ ಕೇಳ್ರಿ, ಎಲ್ಲಾರಿಗೂ ಬರ್ತೈತಿ ಅಂತ. ಆಕಿ ಅಂದ್ಲು, ‘ಆವುಕಿ ಎನ್ನಿ ಕಾಳ್ಳು?’ ಅಂತ. ಎನ್ನಿ ಕಾಳ್ಳು ಅಂದ್ರ ಎಷ್ಟು ಕಾಲು. ಗುಂಟೂರಾಗ ಕಲ್ತೀನಲ್ಲ. ನಾ ಅಂದೆ ಸೊನ್ನಿ ಅಂತ."

"ಆವು ಅಂದ್ಲೇನು?"

"ಊಂ. ಆವು ಏನು ಕೊಡ್ತೈತಿ ಅಂದ್ಲು. ವಿಷ ಅಂದೆ." ಹುಡುಗಿ ತಾಯಿಯ ಮುಖ ನೋಡಿದಳು. "ವಿಷ ಅಲ್ಲೇನವ್ವ? ಅಪ್ಪಗ ಕೊಟ್ಟಿತ್ತಲ್ಲ."

ಒಲೆಯ ಮುಂದೆ ಗಾದಿಲಿಂಗಮ್ಮನ ಭುಜ ಕುಣಿಯತೊಡಗಿತು. ಮುದುಕಿ ನಗುತ್ತಿದ್ದಾಳೆ ಎಂದು ತಿಳಿಯಲು ಶಿವಲಕ್ಷ್ಮಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆ ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು.

"ಅಯ್ಯ ನಿಮ್ಮೌನ... ತೆಲುಗ್ರು ಆಕಳಿಗೆ ಆವು ಅಂತಾರಲೇ! ನಾ ಸಣ್ಣಾಕಿ ಇದ್ದಾಗ ಗೋನೆಗಂಡ್ಲದಾಗ ಒಬ್ಬ ರೆಡ್ಡಿ ಮನಿಯಾಗ ಸಗಣಿ ಬಳಿಯಾಕ ಓಗಿದ್ನಿ. ಮೊದಲ್ನೇ ದಿನ ಆ ರೆಡ್ಡಿಸಾನಿ ‘ಆವುನಿ ವಿಪ್ಪವೇ’ ಅಂದ್ಲು. ಆಕಳು ಬಿಚ್ಚು ಅಂತ. ನಾ ಬುಸ್ ಅನ್ನೋ ಆವು ಬಿಚ್ಚು ಅಂತ ತಿಳಕಂಡು ಬುಟ್ಟಿ ಬಿಸಾಕಿ ಓಡಿದ್ನಿ ನೋಡು, ರೋಡಿಗೆ ಓಗಿ ನಿಂತಿದ್ನಿ! ಬೋಸುಡಿ ಎಲ್ಲಿ ಓಡ್ತಿಯೇ ಅಂತ ಆಕಿ, ಆವು ಆವು ಅಂತ ನಾನು."

ಹಾರಿಕಾಳೂ ನಕ್ಕಳು. ನಗು ತೀರಿದ ಮೇಲೆ ಮುದುಕಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಒರೆಸಿಕೊಳ್ಳುವುದು ನಿಲ್ಲಲಿಲ್ಲ. ವೆಂಕಟೇಶ ಅವಳಿಗಿದ್ದ ಒಬ್ಬನೇ ಮಗ.

"ಇನ್ನೊಂದೂ ಕೇಳಿದ್ಲವ್ವ," ಎಂದಳು ಹಾರಿಕಾ. "ಎಲ್ಲಿರ್ತೈತಿ ಅಂತ. ಉತ್ತದಾಗ ಅಂದೆ. ಆಗ ಸಾರ್ ಕಿಡಕಿ ತಾವನೇ ನಿಂತಿದ್ರು. ನನ್ನ ನೋಡಿ ನಕ್ಕಂಗ ಮಾಡಿದ್ರು, ಆಮ್ಯಾಲ ಮಕ ಆಕಡಿ ಮಾಡಿದ್ರು."

ಶಿವಲಕ್ಷ್ಮಿ ಮಗಳ ಕೈ ಬಿಟ್ಟಳು. ಹಾಲಸ್ವಾಮಿ ತನಗೆ ಎರಡೇ ಜವಾಬು ಹೇಳಿದ್ದ. ಕಾಲು, ವಿಷ. ಹುತ್ತದ ಮಾತು ಆಡಿರಲಿಲ್ಲ. ಹುತ್ತ ಅಂದರೆ ಅದು ಹಾವೇ ಎಂದು ಯಾವ ಕುರುಡನಿಗಾದರೂ ಗೊತ್ತಾಗುತ್ತದೆ.

"ಸೈನ್ ಮಾಡು ಅಂತಾರ ಅತ್ತಿ. ಇಕಿಗೆ ತಲಿ ಮಂದ ಅಂತ."

"ಮಾಡಿ ಒಗಿ ಅತ್ಲಾಗ. ಇದ್ದೊಂದು ಕೆಲಸ ಓದ್ರ ಮತ್ತ ಗುಂಟೂರಿಗೆ ಮೆಣಸಿನಕಾಯಿ ಬಿಡಸಾಕ ಓಗಬೇಕು, ಈ ಕೂಸಿನ್ನ ಕಟ್ಟಿಕ್ಯಂಡು. ಕಾಗದ ಏನು ಕಚ್ತೈತೇನು?"

"ಕಚ್ಚೈತಲ್ಲ ಅತ್ತಿ. ಒಂದು ಸಲ."

ಒಲೆಯಲ್ಲಿ ಹತ್ತಿಕಟ್ಟಿಗೆ ಚಿಟಿಚಿಟಿ ಅಂತಿತ್ತು.

ಎರಡು ವರ್ಷದ ಹಿಂದೆ ಹತ್ತಿಕಟ್ಟಿಗೆ ಕೀಳುವಾಗಲೇ ಅದು ಆದದ್ದು. ಊರ ಧಣಿ ಉಚ್ಚೀರಪ್ಪನ ಹೊಲದಲ್ಲಿ, ಬೆಳಗಿನ ಎಂಟಕ್ಕೆ. ವೆಂಕಟೇಶ ಸಿವುಡಿಗೆ ಕೈ ಹಾಕಿ ಎತ್ತಿದ, ಕೈ ಝಾಡಿಸಿದ, ಹೋಗ್ಲಿ ಎಂದು ಇನ್ನೊಂದು ಸಿವುಡೂ ಎತ್ತಿದ. ಧಣಿಯ ಜೀಪು ಹೊಲದ ಬದುವಿನಲ್ಲೇ ನಿಂತಿತ್ತು. ಹೊಲೆಯನ ಹೆಣ ಅದರಲ್ಲಿ ಬಿದ್ದರೆ ತೊಳೆಯುವವರು ಯಾರು ಎಂದರು. ಬೈಕಿನ ಮೇಲೆ ನಡುವೆ ಕೂರಿಸಿಕೊಂಡು ಹೋದರು. ಆದೋನಿ ಕಾಣುವುದರೊಳಗೆ ಅವನ ತಲೆ ಮುಂದಿದ್ದವನ ಬೆನ್ನಿಗೆ ಬಿದ್ದಿತ್ತು. ಆಮೇಲೆ ಬಂದ ಕಾಗದದಲ್ಲಿ, ಮನೆಯಲ್ಲಿ ಮಲಗಿದ್ದಲ್ಲೇ ಎದೆ ನಿಂತು ಸತ್ತ ಎಂದಿತ್ತು. ಕೆಳಗೆ ಅವಳದೇ ಸೈನು, ದುಂಡಗೆ. ಹಾವು ಕಚ್ಚಿದವರ ಮನೆಗೆ ಸರಕಾರದಿಂದ ಏನೋ ಬರುತ್ತದೆ ಎಂದು ಯಾರೋ ಹೇಳಿ ಕೇಳಲು ಹೋದಾಗ, ಊರಿನ ಗ್ರಾಮ ಸಚಿವಾಲಯದ ಕಚೇರಿಯ ಹುಡುಗಿ ಆ ಕಾಗದ ಓದಿ ಹೇಳಿದಳು. "ಇದರಾಗ ಹಾವು ಇಲ್ಲಕ್ಕ."

ಅದೇ ತಿಂಗಳು ಉಚ್ಚೀರಪ್ಪ ಆ ಬದುವಿನ ಮೇಲೆ ನಾಗರಕಲ್ಲು ನಿಲ್ಲಿಸಿ, ಹಾಲಸ್ವಾಮಿಯ ಕೈಯಿಂದಲೇ ಪೂಜೆ ಮಾಡಿಸಿ, ಎರಡು ಬಿಂದಿಗೆ ಹಾಲು ಎರೆದ.

ಇತ್ತ ಆ ಸಂಜೆ ಹೊತ್ತು ಇಳಿಯುವ ಮುಂಚೆ ಉಚ್ಚೀರಪ್ಪನ ಮನೆಯಿಂದ ಕರೆ ಬಂತು. ಶಾಲೆಗೆ ಜಾಗ ಕೊಟ್ಟವನು ಅವನು. ಅವನ ಮೊಮ್ಮಕ್ಕಳು ಓದುವುದು ಆದೋನಿಯ ಇಂಗ್ಲಿಷ್ ಶಾಲೆಯಲ್ಲಿ, ಬಸ್ಸು ಮನೆ ಬಾಗಿಲಿಗೆ ಬರುತ್ತದೆ. ಆದರೆ ಊರ ಶಾಲೆಯ ಗೋಡೆಯ ಮೇಲೆ ಅವನ ಅಪ್ಪನ ಹೆಸರಿದೆ. ಹೊಸ ಕೋಣೆ ಬಂದರೆ ಅವನ ಹೆಸರೂ ಬರುತ್ತದೆ.

ಅವಳು ಅಂಗಳದ ಕೆಳಗೆ ನಿಂತಳು. ಅವನು ಮೇಲೆ ಕಟ್ಟೆಯ ಮೇಲೆ ಕೂತು ಕಾಲು ಒತ್ತಿಸಿಕೊಳ್ಳುತ್ತಿದ್ದ.

"ಏನಲೇ, ಸೈನ್ ಮಾಡಾಕ ಮುಹೂರ್ತ ನೋಡಾಕತ್ತೀಯಂತ?"

"ಧಣೀ, ಉಡುಗಿ ತಪ್ಪು ಏಳಿಲ್ರಿ. ಮೇಡಂ ಆವು ಅಂದ್ಲು. ಅವರದ್ರಾಗ ಅದು ಆಕಳು. ನಮ್ಮದ್ರಾಗ ಆವು ಅಂದ್ರ..."

"ಮತ್ತ ಹಾವಿನ ಮಾತು ತಗದ್ಯಾ?" ಉಚ್ಚೀರಪ್ಪ ಕಾಲು ಎಳೆದುಕೊಂಡ. "ಎರಡು ವರ್ಷಾತು, ಇನ್ನಾ ಅದನ್ನೇ ಹಿಡಕಂಡು ಜಗ್ಗಾಕತ್ತೀಯಲ್ಲ ರಂಡಿ. ಸಚಿವಾಲಯಕ್ಕ ಹೋಗಿ ಕೇಳಿ ಬಂದಿದ್ದು ನನಗ ಗೊತ್ತಿಲ್ಲ ಅಂತ ತಿಳಕಂಡೀಯೇನು? ನನ್ನ ಹೊಲದಾಗ ಹಾವಿಲ್ಲ. ಎಂದೂ ಇರಲಿಲ್ಲ."

ಹಾಗಾದರೆ ಕಲ್ಲು ಯಾಕೆ ನಿಲ್ಲಿಸಿದಿರಿ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಶಿವಲಕ್ಷ್ಮಿ ಅದನ್ನು ನುಂಗಿದಳು. ಎರಡು ವರ್ಷದಿಂದ ಅವಳಿಗೆ ನುಂಗುವುದು ರೂಢಿಯಾಗಿತ್ತು. ಅಳುವುದೂ ಬಿಟ್ಟುಹೋಗಿತ್ತು. ಬ್ಲೀಚಿಂಗ್ ಪುಡಿಗೆ ಬೆರಳ ತುದಿಯ ಚರ್ಮ ಸತ್ತಂತೆ ಒಳಗೂ ಏನೋ ಸತ್ತು ಗಡಸಾಗಿತ್ತು.

"ನಾಳಿ ನಾ ಶಾಲಿಗೆ ಬರ್ತೀನಿ. ನನ್ನ ಎದುರಿಗೆ ಮಾಡಬೇಕು. ಒಂದು ಹೊಲೇರ ಹುಡುಗಿ ತಲಿ ನೆಟ್ಟಗೈತೋ ಮಂದೈತೋ, ನಾಳಿ ಆಕಿ ಏನು ಕಲೆಕ್ಟರಾಗಬೇಕೇನು? ಬಾರಿಗಿ ಹಿಡಿಯಾಕ ತಲಿ ಯಾಕ ಬೇಕು? ನಡಿ."

ಮರುದಿನ ಹತ್ತೂ ಮುಕ್ಕಾಲಿಗೆ ಹುಡುಗಿಯರ ಪಾಯಖಾನೆಯ ಕಡೆಯಿಂದ ಕೂಗು ಎದ್ದಿತು. ಕೇರಿಯ ಹುಡುಗಿಯರೆಲ್ಲ ಒಂದೇ ಬಾಯಲ್ಲಿ ಚೀರುತ್ತಿದ್ದರು.

"ಆವು! ಆವು! ಆವು!"

ಪಾಯಖಾನೆಯ ಹಿಂದೆ ಸರ್ಕಾರಿ ಜಾಲಿ ಬೆಳೆದು ಕಾಡಾಗಿತ್ತು. ಕಡಿಸಿರಿ ಎಂದು ಶಿವಲಕ್ಷ್ಮಿ ಮೂರು ಸಲ ಕೇಳಿದ್ದಳು. ಅವಳು ನೀರಿನ ಟಾಕಿಯ ಹತ್ತಿರ ಬಕೆಟ್ ತುಂಬುತ್ತಿದ್ದಳು. ಸಲಿಕೆ ಎತ್ತಿಕೊಂಡು ಓಡಿದಳು.

ಅವಳ ಮುಂದೆ ಕರ್ನೂಲಿನ ಮೇಡಂ ಸೌಜನ್ಯ ಹೋಗುತ್ತಿದ್ದಳು. ಇಪ್ಪತ್ತು ಇಪ್ಪತ್ತೊಂದರ ಹುಡುಗಿ, ಮಾಸ್ತರಿಕೆಯ ಟ್ರೇನಿಂಗ್ ಓದುತ್ತಿರುವವಳು. ಕೊರಳಲ್ಲಿ ಗುರುತಿನ ಚೀಟಿ, ಕಂಕುಳಲ್ಲಿ ಟ್ಯಾಬು. ಅವಳಿಗೂ ಪಾಯಖಾನೆಗೆ ಹೋಗಬೇಕಾಗಿತ್ತು. ಚೀರುತ್ತ ಓಡಿ ಬರುತ್ತಿದ್ದ ಮಕ್ಕಳನ್ನು ನೋಡಿ ನಕ್ಕಳು.

"ಆವೇ ಕದಾ! ಏಂ ಚೇಯದು, ಭಯಪಡಕಂಡಿ." ಆಕಳೇ ತಾನೆ, ಏನೂ ಮಾಡುವುದಿಲ್ಲ, ಹೆದರಬೇಡಿ.

ಹೆದರದೆ ನೇರ ಒಳಗೆ ಕಾಲಿಟ್ಟಳು.

ಶಿವಲಕ್ಷ್ಮಿ ಅವಳ ಜಡೆ ಹಿಡಿದು ಹಿಂದಕ್ಕೆ ಎಳೆದಳು. ಆ ಹುಡುಗಿ ಅಂಗಾತ ಬಿದ್ದಳು, ಟ್ಯಾಬು ದೂರ ಹೋಗಿ ಬಿತ್ತು. ಅವಳು ಕಾಲು ಇಟ್ಟಿದ್ದ ಕಲ್ಲಿನಿಂದ ಒಂದು ಗೇಣು ದೂರದಲ್ಲಿ, ಬಕೆಟ್ಟಿನ ಸಂದಿಯಲ್ಲಿ ನಾಗರ ಎದ್ದು ನಿಂತಿತ್ತು. ಹೆಡೆ ಬಿಚ್ಚಿತ್ತು. ಶಿವಲಕ್ಷ್ಮಿ ಯೋಚಿಸಲಿಲ್ಲ. ಸಲಿಕೆಯ ಬೆನ್ನಿನಿಂದ ಒಂದು, ಬಾಯಿಯಿಂದ ಇನ್ನೊಂದು. ಆಮೇಲೆ ಇನ್ನೂ ಎಷ್ಟು ಹೊಡೆದಳೋ ಅವಳಿಗೆ ಗೊತ್ತಾಗಲಿಲ್ಲ. ಹಾರಿಕಾ ಬಂದು ಸೆರಗು ಜಗ್ಗಿದಾಗ ನಿಲ್ಲಿಸಿದಳು.

"ಸತ್ತೈತಿ ಬಿಡವ್ವ. ಆಗ್ಲೇ ಸತ್ತೈತಿ."

ಸೌಜನ್ಯ ನೆಲದ ಮೇಲೆ ಕೂತೇ ಇದ್ದಳು. ಹಾವನ್ನು ನೋಡಿದಳು, ಹಾರಿಕಾಳನ್ನು ನೋಡಿದಳು. ಬೆರಳು ತೋರಿಸಿ ಕೇಳಿದಳು.

"ದೀನ್ನಿ... ಮೀರು ಆವು ಅಂಟಾರಾ?" ಇದಕ್ಕೆ ನೀವು ಆವು ಅನ್ನುತ್ತೀರಾ?

"ಕಾಲಿಲ್ಲ ಮೇಡಂ," ಎಂದಳು ಹಾರಿಕಾ. "ನೋಡ್ರಿ."

ಆ ಹುಡುಗಿ ಎದ್ದು ಟ್ಯಾಬು ಎತ್ತಿಕೊಂಡು ಓಡಿದಳು. ಶಿವಲಕ್ಷ್ಮಿ ಹಿಂದೆಯೇ ಹೋದಳು. ಆಫೀಸಿನಲ್ಲಿ ಹಾಲಸ್ವಾಮಿಯ ಎದುರು ಉಚ್ಚೀರಪ್ಪ ಕೂತಿದ್ದ, ನಡುವೆ ಮೇಜು, ಮೇಜಿನ ಮೇಲೆ ಆ ಕಾಗದ, ಕಾಗದದ ಮೇಲೆ ಪೆನ್ನು.

"ಸಾರ್, ಆ ಪಾಪ ಕರೆಕ್ಟೇ ಚೆಪ್ಪಿಂದಿ!" ಸೌಜನ್ಯಳ ಉಸಿರು ಏರಿತ್ತು. "ತಪ್ಪು ನಾದಿ ಸಾರ್. ಆವು ಅಂಟೇ ವೀಳ್ಳಕಿ ಪಾಮು. ಪಾಮು ಸಾರ್! ಮೂಡು ಆನ್ಸರ್ಲೂ ಕರೆಕ್ಟೇ."

ಮಗು ಸರಿಯಾಗೇ ಹೇಳಿದೆ, ತಪ್ಪು ನನ್ನದು, ಆವು ಅಂದರೆ ಇವರಿಗೆ ಹಾವು, ಮೂರೂ ಉತ್ತರ ಸರಿ. ಹೊಸ್ತಿಲ ಹೊರಗೆ ನಿಂತ ಶಿವಲಕ್ಷ್ಮಿಗೆ ಅಷ್ಟು ತೆಲುಗು ತಿಳಿಯುತ್ತಿತ್ತು. ಎದೆಯೊಳಗೆ ಗಡಸಾದದ್ದು ಯಾವುದೋ ಸ್ವಲ್ಪ ಮೆತ್ತಗಾದಂತಾಯಿತು.

"ತೆಲುಸಮ್ಮಾ," ಎಂದ ಹಾಲಸ್ವಾಮಿ. ಗೊತ್ತಮ್ಮಾ. ಧ್ವನಿಯಲ್ಲಿ ಏನೂ ಏರಿಳಿತ ಇರಲಿಲ್ಲ. "ನಿನ್ನೆನೇ ತೆಲುಸು. ಆನ್ಸರ್ ಮಾರ್ಚಗಲವಾ? ಬದಲಿಸಾಕ ಬರ್ತೈತಾ ನಿನಗ?"

ಸೌಜನ್ಯ ಟ್ಯಾಬು ಉಜ್ಜಿದಳು. ಒಂದು ಕಡೆ ಗಾಜು ಸೀಳಿತ್ತು. ಅಲ್ಲಿ ಒತ್ತಿದಳು, ಇಲ್ಲಿ ಒತ್ತಿದಳು.

"ಲಾಕ್ ಅಯಿಪೋಯಿಂದಿ ಸಾರ್. ಆನ್ಸರ್ ಮಾರ್ಚಲೇಮು. ಕೇಟಗಿರಿ ಒಕ್ಕಟೇ ಓಪನ್ ಉಂದಿ."

ಹಾಲಸ್ವಾಮಿ ಉಚ್ಚೀರಪ್ಪನ ಕಡೆ ತಿರುಗಿ ಅದನ್ನು ಕನ್ನಡದಲ್ಲಿ ಹೇಳಿದ. "ಜವಾಬು ತಿದ್ದಾಕ ಬರಂಗಿಲ್ಲ ಧಣೀರ. ಹುಡುಗಿ ಎಂಥಾಕಿ ಅಂತ ಬರಿಯೋ ಕಾಲಂ ಒಂದೇ ಇನ್ನಾ ತೆರದೈತಿ. ಮೇಡಮ್ಮಗ ಕನ್ನಡ ಬರ್ತೈತಿ ಅಂತ ನಾನೇ ಬರಕೊಟ್ಟೀನಿ, ಬ್ಯಾರೆಯವರನ್ನ ಕಳಸ್ರಿ ಅಂದಿದ್ರ ಇನ್ನೊಂದು ತಿಂಗಳಾಗ್ತಿತ್ತು. ಈಗ ಕೆದಕಿದ್ರ ನನ್ನ ಕೊರಳಿಗೆ ಬರ್ತೈತಿ."

"ಹಂಗಾದ್ರ ಈ ರಂಡೀನ ಯಾಕ ಕೇಳ್ತೀಯಪ್ಪ? ಏ, ಬಾರೇ ಇಲ್ಲಿ. ಬರಿ ನಿನ್ನ ಹೆಸರು. ಹನ್ನೊಂದು ಹೊಡೀತು."

ಸೌಜನ್ಯ ಗೋಡೆಗೆ ಒರಗಿ ನೆಲ ನೋಡುತ್ತ ನಿಂತಿದ್ದಳು. ಅವಳು ಇನ್ನೊಂದು ಮಾತು ಆಡುತ್ತಾಳೆ ಎಂದು ಶಿವಲಕ್ಷ್ಮಿ ಕಾದಳು. ಆ ಹುಡುಗಿ ಗುರುತಿನ ಚೀಟಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

"ಸಾರ್, ಉತ್ತದ ಮಾತು ನನಗ ಯಾಕ ಏಳಲಿಲ್ರಿ ನಿನ್ನೆ?"

"ಯಾವ ಹುತ್ತ?"

"ಎಲ್ಲಿರ್ತೈತಿ ಅಂದ್ರ ಉತ್ತದಾಗ ಅಂದಿದ್ಲಂತಲ್ರಿ ನನ್ನ ಮಗಳು. ನೀವು ಕಿಡಕಿ ತಾವ ಇದ್ರಂತ."

ಹಾಲಸ್ವಾಮಿ ಕನ್ನಡಕ ತೆಗೆದು ಒರೆಸಿದ. "ನೀ ನನಗ ಪರೀಕ್ಷಿ ಮಾಡಾಕ ಬಂದೀಯೇನಲೇ? ಸೈನ್ ಮಾಡು, ಇಲ್ಲ ಬಾರಿಗಿ ಬಕೀಟು ಇಟ್ಟು ನಡಿ."

"ನಿಂದ್ರಿ," ಎಂದಳು ಶಿವಲಕ್ಷ್ಮಿ. "ಬಂದೆ."

ಅವಳು ಪಾಯಖಾನೆಗೆ ಹೋದಳು. ಅಲ್ಲಿ ಮಕ್ಕಳು ಇನ್ನೂ ಸುತ್ತು ನಿಂತಿದ್ದವು. ಸಲಿಕೆಯ ಮೇಲೆ ಹಾವನ್ನು ಎಳೆದುಕೊಂಡಳು. ಒಂದು ಮಾರಿಗೆ ಕಡಿಮೆ ಇರಲಿಲ್ಲ. ಎರಡೂ ಕಡೆ ಜೋತುಬಿತ್ತು. ಅಂಗಳ ದಾಟಿ ಬಂದಳು. ಇದುವರೆಗೆ ತುಳಿಯದ ಹೊಸ್ತಿಲು ತುಳಿದು ಒಳಗೆ ಬಂದಳು, ಸಲಿಕೆಯನ್ನು ಮೇಜಿನ ಮೇಲೆ ಓರೆ ಮಾಡಿದಳು. ಹಾವು ಜಾರಿ, ಪೆನ್ನನ್ನು ತಳ್ಳಿಕೊಂಡು, ಕಾಗದದ ಮೇಲೆ ಸುತ್ತುಸುತ್ತಾಗಿ ಬಿತ್ತು.

"ಎಣಿಸ್ರಿ ಸಾರ್."

ಕುರ್ಚಿ ಹಿಂದಕ್ಕೆ ಬಿತ್ತು. ಹಾಲಸ್ವಾಮಿ ಬೀರುವಿಗೆ ಬೆನ್ನು ಹಚ್ಚಿ ನಿಂತಿದ್ದ. ಉಚ್ಚೀರಪ್ಪ ಎರಡೂ ಕಾಲನ್ನು ಕುರ್ಚಿಯ ಮೇಲೆ ಎಳೆದುಕೊಂಡಿದ್ದ.

"ಅಯ್ಯೋ ನಾಗಪ್ಪನ ಹೊಡದೀಯಲ್ಲೇ ಪಾಪಿ ಬೋಸುಡಿ! ಶಾಲಿಗೇ ದೋಷ ತಂದ್ಯಲ್ಲೇ!"

"ಕಾಲು ಎಣಿಸ್ರಿ. ಎಷ್ಟು ಬರ್ತಾವೋ ಬರಕಳ್ರಿ. ಆಮ್ಯಾಲ ಸೈನ್ ಮಾಡ್ತೀನಿ."

"ಎತ್ತಲೇ ಅದನ್ನ!" ಉಚ್ಚೀರಪ್ಪ ಕೂಗಿದ. "ಎತ್ತಲೇ ಮೊದಲು!"

"ನನ್ನ ಗಂಡನ ಕಾಗದದಾಗ ಇದು ಇರಲಿಲ್ಲ ಧಣೀ. ಈ ಕಾಗದದ ಮ್ಯಾಲನ ಇರ್ಲಿ."

ಸಲಿಕೆಯನ್ನು ಹೆಗಲ ಮೇಲಿಟ್ಟುಕೊಂಡು ಹೊರಗೆ ಬಂದಳು. ನೀರಿನ ಟಾಕಿಯ ಕಟ್ಟೆಯ ಮೇಲೆ ಕೂತಳು. ಹಾರಿಕಾ ಬಂದು ಪಕ್ಕದಲ್ಲಿ ಕೂತಳು. ಅಲ್ಲಿಂದ ಆಫೀಸಿನ ಕಿಟಕಿ ಕಾಣುತ್ತಿತ್ತು.

ಆ ಊರಿನಲ್ಲಿ ಸತ್ತದ್ದನ್ನು ಎತ್ತುವವರು ಕೇರಿಯವರು. ನಾಯಿಯಾಗಲಿ, ಎಮ್ಮೆಯಾಗಲಿ, ಹಾವಾಗಲಿ. ಶಾಲೆಯಲ್ಲಿ ಎತ್ತುವವಳು ಶಿವಲಕ್ಷ್ಮಿ ಒಬ್ಬಳೇ. ಅಡಿಗೆ ಮಾಡುವ ಲಕ್ಷ್ಮಿದೇವಿಯನ್ನು ಕರೆದರು. ಅವಳು ಬಾಗಿಲಲ್ಲೇ ನಿಂತು, "ಅಂಥಾದ್ದು ನಾವು ಮುಟ್ಟಂಗಿಲ್ರಿ ಸಾರ್, ಅನ್ನಕ್ಕ ಕೈ ಹಾಕಬೇಕು" ಎಂದು ತಿರುಗಿ ಹೋದಳು. ಇನ್ನೊಬ್ಬ ಮಾಸ್ತರ ಇಣುಕಿ ನೋಡಿ ತನ್ನ ಕ್ಲಾಸಿಗೆ ಹೋಗಿ ಬಾಗಿಲು ಹಾಕಿಕೊಂಡ. ಯಾರನ್ನೋ ಕೇರಿಗೆ ಓಡಿಸಿದರು. ಹೋದವನು ಬರಿಗೈಲಿ ಬಂದ. ಎಲ್ಲರೂ ಹತ್ತಿ ಬಿಡಿಸಲು ಹೋಗಿದ್ದಾರಂತೆ, ಇದ್ದವಳು ಗಾದಿಲಿಂಗಮ್ಮ ಒಬ್ಬಳೇ ಅಂತೆ. "ಮುದುಕಿ ಏನಂದ್ಲು?" "ಹಾಲು ಎರೀರಿ ಅಂದ್ಲು ಸಾರ್."

"ಲೇ ಶಿವಲಕ್ಷ್ಮಿ!" ಕಿಟಕಿಯ ಸರಳಿನ ಹಿಂದೆ ಹಾಲಸ್ವಾಮಿಯ ಮುಖ ಕಂಡಿತು. "ಬಾರಲೇ, ಎತ್ತಲೇ. ಕೆಲಸದಿಂದ ತಗದೀನಿ ತಿಳೀತೇನು? ತಗದೀನಿ! ಬಂದು ಎತ್ತು!"

ಶಿವಲಕ್ಷ್ಮಿ ಏಳಲಿಲ್ಲ. ತೆಗೆದ ಮೇಲೆ ಯಾಕೆ ಎತ್ತಬೇಕು?

ಹಾರಿಕಾ ಅಂಗೈಯನ್ನು ಬಾಯಿಗೆ ಹಿಡಿದು ಜೋರಾಗಿ ಗಾಳಿ ಬಿಟ್ಟ ಹಾಗೆ ಅಂದಳು, "ಹಾ... ಹಾವು." ತಾಯಿಯ ಕೈ ಎಳೆದು ತನ್ನ ಬಾಯಿಗೆ ಹಿಡಿದಳು. "ನೋಡವ್ವ, ಗಾಳಿ ಬಂತು. ಈಗ ಸರಿ ಆತೇನು? ನಾ ನಿನ್ನೆನೇ ಇಂಗ ಅಂದಿದ್ರ..."

"ಬ್ಯಾಡ," ಎಂದಳು ಶಿವಲಕ್ಷ್ಮಿ. ಮಗಳ ಅಂಗೈಯನ್ನು ಮಡಚಿ ಮಡಿಲಲ್ಲಿ ಇಟ್ಟಳು. "ನೀ ಆವು ಅನ್ನು."

ಹನ್ನೆರಡಕ್ಕೆ ಸ್ವಲ್ಪ ಇತ್ತು. ಹಾಲಸ್ವಾಮಿ ಉದ್ದನೆಯ ಸ್ಕೇಲು ಹಿಡಿದು, ಇನ್ನೊಂದು ಕೈಯಿಂದ ಮೂಗು ಮುಚ್ಚಿಕೊಂಡು, ತೋಳು ಉದ್ದ ಚಾಚಿ, ಹಾವಿನ ಅಡಿಯಿಂದ ಕಾಗದದ ತುದಿಯನ್ನು ಎಳೆಯುತ್ತಿದ್ದ. ಕಾಗದ ರಕ್ತಕ್ಕೆ ಅಂಟಿಕೊಂಡಿತ್ತು. ಎಳೆದ, ಬರಲಿಲ್ಲ. ಮತ್ತೆ ಎಳೆದ. ತಲೆ ಜಜ್ಜಿ ಗಂಟೆ ದಾಟಿದ್ದ ಹಾವಿನ ಬಾಲ ನಿಧಾನವಾಗಿ ಒಮ್ಮೆ ಹೊರಳಿ ಸ್ಕೇಲಿಗೆ ಸುತ್ತಿತು.

ಸ್ಕೇಲು ನೆಲಕ್ಕೆ ಬಿದ್ದ ಸದ್ದು ಟಾಕಿಯವರೆಗೂ ಕೇಳಿಸಿತು.

"ಇನ್ನಾ ಜೀವ ಐತೇನವ್ವ ಅದಕ್ಕ?"

"ಯಾರಿಗೆ ಗೊತ್ತು," ಎಂದಳು ಶಿವಲಕ್ಷ್ಮಿ. "ಅವ್ರು ನೋಡಿಕ್ಯಂತಾರ."